ಮನೆಯೊಳಗಿನ ಕೈ

ಬಾಗಿಲು ಬಡಿದ ಸದ್ದು ನೆರೆಹೊರೆಯವರದಲ್ಲ. ನೆರೆಯವರು ಬಡಿದರೆ ಜೊತೆಗೊಂದು ಕೂಗು ಇದ್ದೇ ಇರುತ್ತದೆ. ಇದು ಬರೀ ಪೆಟ್ಟು. ಒಂದೇ ಅಳತೆಯ, ಅವಸರವಿಲ್ಲದ ಪೆಟ್ಟು. ನಿಂತಿತು. ಮತ್ತೆ ಶುರುವಾಯಿತು.

ಇರುವೆ ಎಂದು ಎಲ್ಲರೂ ಕರೆಯುವ ಹುಡುಗಿ ಹಾಸಿಗೆಯಲ್ಲಿ ಎದ್ದು ಕುಳಿತಳು. ಮುಂದಿನ ಕೋಣೆಯಲ್ಲಿ ಅಪ್ಪನ ಚಪ್ಪಲಿ ಸರಿದ ಸದ್ದು, ಚಿಲಕ ತೆಗೆದ ಸದ್ದು, ಆಮೇಲೆ ಒಬ್ಬ ಹೆಂಗಸಿನ ತಗ್ಗಿದ ದನಿ. ಆ ದನಿ ಅವಳ ಹೆಸರನ್ನು ಕೇಳುತ್ತಿತ್ತು. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಯಾರೂ ಕರೆಯದ, ಪ್ರಮಾಣಪತ್ರಗಳಲ್ಲಿ ಮಾತ್ರ ಉಳಿದಿರುವ ಪೂರ್ತಿ ಹೆಸರನ್ನು.

ಹೊಸ್ತಿಲಲ್ಲಿ ಇಬ್ಬರು ನಿಂತಿದ್ದರು. ಗಂಡಸು ಗೋಡೆಯ ಗಡಿಯಾರ ನೋಡಿ ಏನೋ ಗೀಚಿಕೊಂಡ. ಹೆಂಗಸು ಒಂದು ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ನಗಲಿಲ್ಲ, ಗದರಲೂ ಇಲ್ಲ. ಏನು ವಿಷಯ, ಯಾರಾದರೂ ಸತ್ತರೇ ಎಂದು ಅಪ್ಪ ಕೇಳಿದ.  ಹೆಂಗಸು ಅವನ ಭುಜದಾಚೆಗೆ ಇರುವೆಯನ್ನು ನೋಡಿ, “ಇನ್ನು ಮೇಲೆ ನೀವು ನನ್ನ ಕಣ್ಣಿಗೆ ಮರೆಯಾಗೋ ಹಾಗಿಲ್ಲ” ಅಂದಳು.

ಬಚ್ಚಲುಮನೆಯ ಬಾಗಿಲು ಮುಚ್ಚುವುದಕ್ಕೂ ಅವಳು ಬಿಡಲಿಲ್ಲ. ಕೈಗೊಂದು ಪ್ಲಾಸ್ಟಿಕ್ ಲೋಟ ಕೊಟ್ಟು, ಅಂಗಿಯ ತೋಳನ್ನು ಮೊಣಕೈಯವರೆಗೆ ಮಡಿಸಿಕೊಳ್ಳಲು ಹೇಳಿ, ಎದುರಿಗೇ ನಿಂತಳು. ಹೆದರಿದ ಮೈ ಒಂದು ಹನಿಯನ್ನೂ ಬಿಟ್ಟುಕೊಡಲಿಲ್ಲ. ಹೊತ್ತು ಕಳೆಯಿತು. ಹೊರಗೆ ಅತ್ತೆ, ಮನೆ ಬಾಗಿಲಿಗೆ ಬಂದು ಉಚ್ಚೆ ಬೇಡುವವರನ್ನು ತಾನು ಈ ಜನ್ಮದಲ್ಲಿ ಕಂಡಿರಲಿಲ್ಲ ಎಂದು ಗೋಡೆಗೆ ಹೇಳುತ್ತಿದ್ದಳು. ಕೊನೆಗೂ ಕೆಲಸ ಮುಗಿಯಿತು. ಒಮ್ಮೆ ತಿರುಗಿಸಿದರೆ ಒಡೆಯದೆ ತೆಗೆಯಲಾಗದ ಮುಚ್ಚಳಗಳು ಗಾಜಿನ ಶೀಶೆಗಳ ಮೇಲೆ ಕಿರ್ರೆಂದು ಕೂತವು. ಬಂದವರು ಬಂದ ಹಾಗೆಯೇ ಹೊರಟುಹೋದರು.

ಅವರು ಉದ್ದೀಪನ ಮದ್ದು ಪತ್ತೆ ಹಚ್ಚುವವರು ಎಂಬುದನ್ನು ಚಿಲಕ ಹಾಕಿದ ಮೇಲೆ ಇರುವೆಯೇ ಎಲ್ಲರಿಗೂ ತಿಳಿಸಿ ಹೇಳಬೇಕಾಯಿತು. ಭಾರ ಎತ್ತುವ ಆಟದಲ್ಲಿ ಇದು ಇದ್ದದ್ದೇ. ತನ್ನ ಮೈತೂಕದ ಎರಡರಷ್ಟನ್ನು ತಲೆಯ ಮೇಲಕ್ಕೆ ಎತ್ತುವ ಪುಟ್ಟ ಹುಡುಗಿ ಎಂದು ಬೀದಿಯವರು ಅವಳಿಗೆ ಇರುವೆ ಎಂದು ಹೆಸರಿಟ್ಟಿದ್ದರು. ಅಂಥವಳನ್ನು ಪರೀಕ್ಷೆ ಮಾಡದೆ ಬಿಡುತ್ತಾರೆಯೇ? ಸ್ಪರ್ಧೆಯ ಜಾಗದಲ್ಲಿ ಎಷ್ಟೋ ಸಲ ಆಗಿತ್ತು. ಮನೆಗೆ ಬಂದದ್ದು ಇದೇ ಮೊದಲು. ನಾನು ಏನೂ ತಿಂದಿಲ್ಲವಲ್ಲ, ಹೆದರುವುದೇಕೆ ಎಂದು ಅವಳು ಹೇಳಿದಳು. ಅಪ್ಪ ಬೆನ್ನು ತಟ್ಟಿದ. ಎಲ್ಲರೂ ಮಲಗಿದರು.

ಭಾರ ಎತ್ತುವುದನ್ನು ಕಲಿಸಿದ ಮಾಸ್ತರು ಫೋನಿನಲ್ಲಿ ಹೆಚ್ಚು ಮಾತನಾಡುವವರಲ್ಲ. ಕೆಲವು ವಾರಗಳ ಮೇಲೆ ಅವರು ಫೋನು ಮಾಡಿ, ಜಿಮ್ಮಿಗೆ ಒಬ್ಬಳೇ ಬಾ ಎಂದಷ್ಟೇ ಹೇಳಿದರು. ಮಧ್ಯಾಹ್ನದ ಜಿಮ್ಮಿನಲ್ಲಿ ಯಾರೂ ಇರಲಿಲ್ಲ. ಕಬ್ಬಿಣದ ಬಿಲ್ಲೆಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಅಂಗೈಗೆ ಬಳಿಯುವ ಬಿಳಿ ಪುಡಿ ನೆಲದ ತುಂಬ ಚೆಲ್ಲಿತ್ತು. ಮಾಸ್ತರು ಅವಳನ್ನು ಕೂರಿಸಲಿಲ್ಲ. ಒಂದು ಉದ್ದನೆಯ ರಾಸಾಯನಿಕದ ಹೆಸರನ್ನು ತಡವರಿಸಿಕೊಂಡು ಓದಿ, ಜಿಮ್ ಹುಡುಗರು ಇದನ್ನು ಮೈ ಒಣಗಿಸುವ ಮದ್ದು ಅನ್ನುತ್ತಾರೆ, ಅದು ನಿನ್ನ ಶೀಶೆಯಲ್ಲಿ ಸಿಕ್ಕಿದೆ ಎಂದರು.

“ತಗೊಂಡಿದ್ದೀಯಾ?”

“ಇಲ್ಲ, ಮಾಸ್ತರೇ.”

ಅವರು ಓದಿದ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ, “ಹಾಗಾದ್ರೆ ಯಾರೋ ಕೊಟ್ಟಿದ್ದಾರೆ” ಅಂದರು.

ಮದ್ದು ಸಿಕ್ಕಿದೆ ಎಂದಾಗ ಅವಳಿಗೆ ಸಿಟ್ಟು ಬಂದಿತ್ತು. ಈ ಮಾತಿಗೆ ಆ ಸಿಟ್ಟು ಭಯವಾಯಿತು. ಏಕೆಂದರೆ ಅವಳು ಹೊರಗೆ ಎಲ್ಲೂ ಏನನ್ನೂ ತಿನ್ನುವವಳಲ್ಲ. ಜ್ವರ ಬಂದರೂ ಮಾಸ್ತರನ್ನು ಕೇಳದೆ ಮಾತ್ರೆ ನುಂಗುವವಳಲ್ಲ. ತಿಂದದ್ದೆಲ್ಲ ಮನೆಯದು. ಕೊಟ್ಟ ಕೈ ಇದ್ದರೆ ಅದು ಮನೆಯೊಳಗೇ ಇರಬೇಕು.

ಬಸ್ಸಿನಲ್ಲಿ ಕೂತು ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಳು. ಮೈಗೆ ಎಣ್ಣೆ ಬಳಿದುಕೊಂಡು, ನರಗಳು ಹಗ್ಗದಂತೆ ಎದ್ದ ಗಂಡಸರ ಚಿತ್ರಗಳು ಪರದೆ ತುಂಬ ಬಂದವು. ಕೆಳಗೆ ಏನು ಬರೆದಿದೆ ಎಂದು ಓದುವ ಧೈರ್ಯವಾಗಲಿಲ್ಲ. ಪಕ್ಕದ ಸೀಟಿನವನು ಇಣುಕುತ್ತಿದ್ದಾನೆ ಅನ್ನಿಸಿ ಮೊಬೈಲನ್ನು ಮಗುಚಿಟ್ಟಳು.

ಅವಳನ್ನು ಬಿಟ್ಟರೆ ಮನೆಯಲ್ಲಿ ಇದ್ದವರು ಮೂವರು. ಅಪ್ಪ ತಕ್ಕಡಿ ರಿಪೇರಿ ಮಾಡುವವನು. ಎದೆನೋವು ಬಂದು ಆಸ್ಪತ್ರೆ ಸೇರಿ, ದಿನಾ ನುಂಗಬೇಕಾದ ಮಾತ್ರೆಗಳೊಂದಿಗೆ ಎದ್ದು ಬಂದ ಮೇಲೆ ಪೇಟೆಯ ಅಂಗಡಿ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲೇ ಕೆಲಸದ ಮೇಜು ಹಾಕಿಕೊಂಡಿದ್ದ. ತಾಯಿಯಿಲ್ಲದ ಮಕ್ಕಳಿಗೆ ಅಡುಗೆ ಮಾಡಿ ಹಾಕಿ ದೊಡ್ಡವರನ್ನಾಗಿ ಮಾಡಿದವನೂ ಅವನೇ. ಅಪ್ಪನ ತಂಗಿ, ಅತ್ತೆ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ನಾಲಿಗೆ ಇಸ್ತ್ರಿಗಿಂತ ಬಿಸಿ. ಇನ್ನು ಅಣ್ಣ. ಜಿಮ್ ಹುಡುಗರಿಗೆ ಪ್ರೋಟೀನ್ ಪುಡಿಯ ಡಬ್ಬಿಗಳನ್ನು ಮಾರುವವನು, ಅದಕ್ಕೇ ಬೀದಿಗೆಲ್ಲ ಡಬ್ಬಿ ಎಂದೇ ಪರಿಚಿತನಾದವನು.

ಸುದ್ದಿ ಕೇಳಿ ಮೊದಲು ಎದ್ದು ನಿಂತವನು ಅಪ್ಪ. ಅವನು ಅಷ್ಟು ಸಿಟ್ಟಾದದ್ದನ್ನು ಇರುವೆ ಕಂಡಿರಲಿಲ್ಲ. ನನ್ನ ಮಗಳಿಗೆ ವಿಷ ಹಾಕಿದ ಕೈಯನ್ನು ಹುಡುಕದೆ ಬಿಡುವುದಿಲ್ಲ ಎಂದ. ನೇರವಾಗಿ ಮಗನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೂಸಿ ನೋಡಿದ. ಅಣ್ಣ ಕೆಂಪಗಾಗಿ, ತನ್ನ ಡಬ್ಬಿಯಲ್ಲಿ ಹಾಲಿನ ಪುಡಿ ಬಿಟ್ಟರೆ ಸುಳ್ಳು ಮಾತ್ರ ಇದೆ, ಮದ್ದಿಲ್ಲ ಎಂದ. ಅದು ತಮಾಷೆಗೆ ಹೇಳಿದ್ದು, ಯಾರೂ ನಗಲಿಲ್ಲ.

ಬೀದಿ ಮಾತ್ರ ತನ್ನ ಲೆಕ್ಕದಲ್ಲಿ ನಡೆಯಿತು. ಹಣ್ಣಿನಂಗಡಿಯಲ್ಲಿ ತೂಗುಹಾಕಿದ್ದ ಅವಳ ಚಿತ್ರ ಕಾಣೆಯಾಗಿ, ಅದರ ಮೊಳೆಗೆ ಬಾಳೆಗೊನೆ ನೇತುಬಿದ್ದಿತು. ಬಹುಮಾನ ಹಂಚಲು ಕರೆದಿದ್ದ ಶಾಲೆಯವರು, ಅತಿಥಿ ಬದಲಾಗಿದ್ದಾರೆ ಎಂದು ಹೇಳಿಕಳಿಸಿದರು. ಕ್ಷೌರದಂಗಡಿಯವನಿಗೆ ಬೇಸರವೇ ಇರಲಿಲ್ಲ; ಎಲ್ಲರೂ ತಿನ್ನುವವರೇ, ಈ ಹುಡುಗಿ ಪಾಪ ಬಾಯಿ ಒರೆಸಿಕೊಳ್ಳಲು ಮರೆತಳು ಎಂದು ಗಿರಾಕಿಗಳ ಗಲ್ಲಕ್ಕೆ ನೊರೆ ಹಚ್ಚುತ್ತ ತೀರ್ಪು ಕೊಟ್ಟುಬಿಟ್ಟ. ಅತ್ತೆಯ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಮೆಡಲು ಬಂದಾಗ ಯಾರಾದರೂ ಏನು ತಿಂದೆ ಎಂದು ಕೇಳಿದರೇ, ಈಗ ಯಾಕೆ ಎಲ್ಲರಿಗೂ ಅವಳ ಹೊಟ್ಟೆಯ ಚಿಂತೆ ಎಂದು ಅವಳ ವಾದ.

ಇರುವೆಯನ್ನು ಎಲ್ಲಕ್ಕಿಂತ ಹೆದರಿಸಿದವನು ಒಬ್ಬ ಮರ್ಯಾದಸ್ಥ. ಈಜುವ ಮಗಳಿರುವ, ಇಸ್ತ್ರಿ ಹಾಕಿದ ಅಂಗಿಯ ಆ ಮನುಷ್ಯ ಅವಳನ್ನು ಬಸ್‌ಸ್ಟಾಪಿನಲ್ಲಿ ತಡೆದು, ಆಚೀಚೆ ನೋಡಿ, “ತಪ್ಪು ತಿಳ್ಕೋಬೇಡಮ್ಮ. ಅದು ಎಲ್ಲಿ ಸಿಗುತ್ತೆ?” ಅಂದ.

ಇರುವೆ ಮನೆಗೆ ಓಡಿ ಬಂದು ಬಾಗಿಲು ಹಾಕಿಕೊಂಡಳು. ಮನೆಯೊಳಗೆ ನಿಂತ ಮೇಲೆ, ತಾನು ಹೆದರಬೇಕಾದದ್ದು ಒಳಗೇ ಇದೆಯಲ್ಲ ಎಂದು ನೆನಪಾಯಿತು.

ಅಂದಿನಿಂದ ಅವಳ ಹಸಿವು ಸತ್ತುಹೋಯಿತು. ಮುಚ್ಚಳದ ಉಂಗುರ ಒಡೆಯದ ನೀರಿನ ಬಾಟಲಿ ಮಾತ್ರ ಬೇಕು ಎಂದಳು. ಅಣ್ಣನೇ ತಂದುಕೊಡುತ್ತಿದ್ದ, ಅವಳು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅತ್ತೆ ತಟ್ಟೆಗೆ ಬಡಿಸಿ ತಿರುಗಿದೊಡನೆ ಇರುವೆ ಅತ್ತೆಯ ತಟ್ಟೆಯನ್ನೂ ತನ್ನ ತಟ್ಟೆಯನ್ನೂ ಅದಲುಬದಲು ಮಾಡುತ್ತಿದ್ದಳು. ಒಮ್ಮೆ ಸಿಕ್ಕಿಬಿದ್ದಳು. ಅತ್ತೆ ಬೈಯಲಿಲ್ಲ. ಅದಲುಬದಲಾದ ತಟ್ಟೆಯನ್ನು ಎಳೆದುಕೊಂಡು ತಲೆ ತಗ್ಗಿಸಿ ಉಂಡಳು. ಆಮೇಲೆ ಎದ್ದು ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಳು.  ಮಾಡಿದವರು ಹೀಗೆಯೇ ಸುಮ್ಮನಿರುತ್ತಾರೆಯೇ? ಮಾಡದವರೂ ಹೀಗೆಯೇ ಅಳುತ್ತಾರೆಯೇ?

ಈ ಗೋಳು ನೋಡಲಾರದೆ ಅಪ್ಪ ಒಂದು ದಾರಿ ಹುಡುಕಿದ. ಅವಳಿಗೆ ಕೊಡುವ ಪ್ರತಿಯೊಂದನ್ನೂ ತಾನು ಮೊದಲು ರುಚಿ ನೋಡುವುದು. ಸಾಯುವುದಾದರೆ ಮುದುಕ ಮೊದಲು ಸಾಯಲಿ ಎಂದು ನಗಿಸಲು ನೋಡಿದ. ಊಟದ ಮೊದಲ ತುತ್ತು ಅವನದು. ಮಲಗುವ ಮುನ್ನ ಎಂದಿನ ಹಾಲಿನ ಲೋಟ ತಂದು, ಅವಳೆದುರಿಗೇ ಒಂದು ಗುಟುಕು ಕುಡಿದು, ಸಕ್ಕರೆ ಸಾಲದು ಎಂದು ಒಳಗೆ ಹೋಗಿ ಕಲಕಿಕೊಂಡು ಬರುತ್ತಿದ್ದ. ಆ ಲೋಟವೊಂದನ್ನು ಅವಳು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ದಿನಕ್ಕೊಮ್ಮೆ ಹೆದರದೆ ನುಂಗುವ ವಸ್ತು ಅದೊಂದೇ ಆಗಿತ್ತು.

ಮುಂದೆ ನಡೆಯಲಿದ್ದ ಮದ್ದಿನ ವಿಚಾರಣೆಯಲ್ಲಿ ನಿರಪರಾಧಿ ಎಂದಾದರೆ ಅದರ ಬೆನ್ನಿಗೇ ಆಯ್ಕೆ ಸ್ಪರ್ಧೆಯಿತ್ತು. ಅದಕ್ಕಾಗಿ ತೂಕ ಕಾಯಬೇಕು. ಅವಳ ಆಟದಲ್ಲಿ ಎತ್ತುವುದು ಆಮೇಲಿನ ಮಾತು. ಮೊದಲು ತಕ್ಕಡಿಯ ಮೇಲೆ ನಿಲ್ಲಬೇಕು, ಮುಳ್ಳು ಅವಳ ತೂಕದ ಗುಂಪಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿದರೂ ಮನೆಗೆ ನಡೆ. ಹಿಂದಿನ ಸಲ ನೀರನ್ನೂ ಬಿಟ್ಟು ತೂಕ ಇಳಿಸಲು ಹೋಗಿ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದಿದ್ದಳು. ಎತ್ತಿಕೊಂಡು ಹೋಗಿ ಮಲಗಿಸಿದ ಅಪ್ಪ ಬೆಳಗಿನವರೆಗೆ ಕಾಲ ಬಳಿ ಕೂತಿದ್ದ. ಈಗಲೂ ಅವಳು ದಿನಾ ಅಪ್ಪನ ಮೇಜಿನ ಪಕ್ಕದ ದೊಡ್ಡ ತಕ್ಕಡಿ ಹತ್ತುವಳು. ಅಪ್ಪ ಕೆಲಸ ನಿಲ್ಲಿಸಿ ಮುಳ್ಳನ್ನು ನೋಡುವನು. ತೂಕ ಸರಿಯಾಗಿಯೇ ಇರುತ್ತಿತ್ತು.

ಆಗ ಆ ಚೀಲದ ಹೆಂಗಸು ಇನ್ನೊಮ್ಮೆ ಬಂದಳು. ಈ ಸಲ ಹಾಡಹಗಲಲ್ಲಿ, ಜಿಮ್ಮಿಗೇ. ಇರುವೆಗೆ ಒಳಗೊಳಗೇ ಖುಷಿಯಾಯಿತು. ಈಗ ಸತ್ಯ ಗೊತ್ತಾಗಲಿ ಎಂದು ಲೋಟವನ್ನು ಕಸಿದುಕೊಂಡಂತೆ ತೆಗೆದುಕೊಂಡಳು.

ಉತ್ತರ ಬಂದ ದಿನ ಮಾಸ್ತರು ಮನೆಗೇ ಬಂದರು. ಒಳಗೆ ಬರಲಿಲ್ಲ. ಅದೇ ಮದ್ದು ಮತ್ತೆ ಸಿಕ್ಕಿದೆ ಎಂದು ಮೆಟ್ಟಿಲ ಮೇಲೆ ನಿಂತೇ ಹೇಳಿದರು. ಅಷ್ಟೆಲ್ಲ ಕಾವಲಿನ ನಡುವೆಯೂ, ಉಂಗುರ ಒಡೆಯದ ಬಾಟಲಿಗಳ ನಡುವೆಯೂ. ಆ ಕೈ ನಿಂತಿರಲಿಲ್ಲ. ಅವಳು ಅದನ್ನು ಹುಡುಕುತ್ತಿದ್ದಾಗಲೂ ಅದು ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಲೇ ಇತ್ತು.

“ಮೊದಲನೇ ಸಲ ನಿನ್ನ ನಂಬಿದ್ದೆ,” ಅಂದರು ಮಾಸ್ತರು. “ಈಗ ಏನ್ಮಾಡಲಿ, ನೀನೇ ಹೇಳು.”

 ಅವರು ಹೋದ ಮೇಲೆ ಹಿಂದಿರುಗಿ ನೋಡಿದರೆ ಮೂವರೂ ಕೋಣೆಯಲ್ಲಿ ನಿಂತಿದ್ದರು: ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದ ಅಪ್ಪ, ಒದ್ದೆ ಸೆರಗಿನ ಅತ್ತೆ, ಗೋಡೆಗೆ ಒರಗಿದ ಅಣ್ಣ. ಹುಟ್ಟಿದಾಗಿನಿಂದ ಕಂಡ ಮುಖಗಳು. ಅವುಗಳಲ್ಲಿ ಒಂದನ್ನೂ ಓದಲಾಗದೆ ಅವಳು ಹಿಮ್ಮೆಟ್ಟಿ ಬಾಗಿಲಿಗೆ ಬೆನ್ನು ಕೊಟ್ಟಳು.

ವಿಚಾರಣೆಯ ಹಿಂದಿನ ದಿನ ಬೆಳಗ್ಗೆ, ಹಿತ್ತಲಲ್ಲಿ ಏನೋ ಸುರಿಯುವ ಸದ್ದಾಯಿತು. ಬಾಗಿಲ ಸಂದಿಯಲ್ಲಿ ನೋಡಿದಳು. ಅಣ್ಣ ಮೊಣಕಾಲೂರಿ ಕೂತು, ಡಬ್ಬಿಯ ಮೇಲೆ ಡಬ್ಬಿ ತೆರೆದು, ಪುಡಿಯನ್ನೆಲ್ಲ ಮೋರಿಗೆ ಸುರಿದು ನೀರು ಬಿಡುತ್ತಿದ್ದ. ಅವನ ಕೈ ಮೊಣಕೈಯವರೆಗೆ ಬೆಳ್ಳಗಾಗಿತ್ತು. ಇವನೇ.  ಅವಳು ಬಾಗಿಲನ್ನು ಪೂರ್ತಿ ತಳ್ಳಿದಳು. ಅಣ್ಣ ತಿರುಗಿ ನೋಡಿದ. ಓಡಲಿಲ್ಲ, ಹಾಗೆಯೇ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತ.

ಅವನು ಹೇಳಿದ್ದನ್ನೆಲ್ಲ ಅವಳು ದೂರದಿಂದಲೇ ಕೇಳಿದಳು. ಈ ಡಬ್ಬಿಗಳು ಎಲ್ಲಿ ತಯಾರಾಗುತ್ತವೆ, ಯಾರು ತುಂಬುತ್ತಾರೆ ಎಂದು ಅವನಿಗೂ ಗೊತ್ತಿಲ್ಲ. ಅವನು ಅವಳಿಗೆ ಏನನ್ನೂ ಕೊಟ್ಟಿಲ್ಲ. ಆದರೆ ಅದೇ ಕೈಯಲ್ಲಿ ಅವಳ ಬಾಟಲಿ ಹಿಡಿದಿದ್ದಾನೆ, ಪುಡಿ ಮೆತ್ತಿದ ಅಂಗಿಯಲ್ಲೇ ಊಟಕ್ಕೆ ಕೂತಿದ್ದಾನೆ. ಎಲ್ಲೋ ಒಂದು ಚಿಟಿಕೆ ಹಾರಿ ಅವಳ ತಟ್ಟೆಗೆ ಬಿದ್ದಿರಬಹುದೇ? ಅದನ್ನು ಯೋಚಿಸಿ ಯೋಚಿಸಿ ಅವನಿಗೂ ನಿದ್ದೆಯಿಲ್ಲ. ನಿನ್ನಷ್ಟೇ ನಾನೂ ಹೆದರಿದ್ದೇನೆ ಎಂದ. ಆಮೇಲೆ ಮುಖ ಒರೆಸಿಕೊಂಡ. ಪುಡಿ ಗಲ್ಲಕ್ಕೆಲ್ಲ ಮೆತ್ತಿಕೊಂಡಿತು.

“ನಾಳೆ ನನ್ನ ಹೆಸರು ಹೇಳಿಬಿಡು, ಪುಟ್ಟೀ. ಹೇಗಿದ್ರೂ ಬೀದಿಯವರೆಲ್ಲ ನನ್ನದೇ ಅಂತ ಆಗಲೇ ತೀರ್ಮಾನ ಮಾಡಿ ಆಗಿದೆ. ನನಗೆ ಅಂಗಡಿ ಹೋಗುತ್ತೆ. ನಿನಗೆ ಹೋದ್ರೆ ಎಲ್ಲಾ ಹೋಗುತ್ತೆ.”

ಅವಳು ನಲ್ಲಿ ತಿರುಗಿಸಿ ನೀರು ನಿಲ್ಲಿಸಿ ಒಳಗೆ ಹೋದಳು.

ವಿಚಾರಣೆಯ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಉದ್ದ ಮೇಜಿನ ಆಚೆ ಮೂವರು: ಹಿಂದೆ ನ್ಯಾಯಾಧೀಶೆಯಾಗಿದ್ದ ಅಧ್ಯಕ್ಷೆ, ಒಬ್ಬ ವೈದ್ಯರು, ಮಾತಾಡದೆ ಕೂತಿದ್ದ ಒಬ್ಬ ಹಳೆಯ ಆಟಗಾರ. ಈಚೆ ಇರುವೆ, ಅವಳ ಬಲಕ್ಕೆ ಅಪ್ಪ, ಎಡಕ್ಕೆ ಅಣ್ಣ. ಬೇಡವೆಂದರೂ ಅಪ್ಪ ಹೊರಟು ಬಂದಿದ್ದ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡಿದ್ದ. ಆ ದುಷ್ಟ ಯಾರೆಂದು ನನ್ನ ಕಣ್ಣಾರೆ ನೋಡಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ.

ಅಧ್ಯಕ್ಷೆ ಕಠಿಣವಾಗಿ ಮಾತನಾಡಲಿಲ್ಲ. ಅದಕ್ಕೇ ಭಯ ಹೆಚ್ಚಾಯಿತು. ಮೈಯಲ್ಲಿ ಸಿಕ್ಕ ಮದ್ದಿಗೆ ಆಟಗಾರಳೇ ಹೊಣೆ ಎಂದರು. ಅದು ಹೇಗೆ ಬಂತು, ಯಾರಿಂದ ಬಂತು ಎಂದು ಸತ್ಯವಾಗಿ ತೋರಿಸಿದರೆ ದಾರಿಯುಂಟು. ಗೊತ್ತಿಲ್ಲ ಎಂದರೆ ವರ್ಷಗಟ್ಟಲೆ ನಿಷೇಧ. ಮರಳಿ ಬರುವ ಹೊತ್ತಿಗೆ ಅವಳ ವಯಸ್ಸು ಆಟವನ್ನು ದಾಟಿರುತ್ತದೆ. ಇನ್ನು ಹೆಸರು ಬಂದವರ ವಿಷಯ. ಅದು ಪೊಲೀಸರಿಗೆ ಹೋಗುತ್ತದೆ, ಪತ್ರಿಕೆಗೂ ಹೋಗುತ್ತದೆ. ಹೀಗೆ ಹೇಳುವಾಗ ಅವರ ಕಣ್ಣು ಅಣ್ಣನ ಮೇಲಿತ್ತು. ಡಬ್ಬಿಗಳ ಸುದ್ದಿ ಅಲ್ಲಿಗೂ ತಲುಪಿತ್ತು.

ಅಣ್ಣ ಮೇಜಿನ ಕೆಳಗೆ ಅವಳ ಕೈಯನ್ನು ಒತ್ತಿದ. ಹೇಳು ಎಂದು ಅದರ ಅರ್ಥ. ಇರುವೆ ಬಾಯಿ ತೆರೆದಳು. ಎರಡು ಅಕ್ಷರದ ಮಾತು, ಹೇಳಿದರೆ ಮುಗಿಯಿತು.

ಅಷ್ಟರಲ್ಲಿ ಅಪ್ಪ ಎದ್ದು ಕೈ ಮುಗಿದು ಒಂದು ಪ್ರಶ್ನೆ ಕೇಳಿದ. ಅಷ್ಟು ದಿನದಿಂದ ಎಲ್ಲರೂ ಆ ಮದ್ದು, ಈ ಮದ್ದು ಎನ್ನುತ್ತಾರೆಯೇ ಹೊರತು ಅದು ಮೈಗೆ ಮಾಡುವುದಾದರೂ ಏನು ಎಂದು ಯಾರೂ ತನಗೆ ಹೇಳಿಲ್ಲ, ದಯವಿಟ್ಟು ಹೇಳಬೇಕು ಎಂದ.

ವೈದ್ಯರು ಕನ್ನಡಕ ತೆಗೆದು, ತರಗತಿಯಲ್ಲಿ ಪಾಠ ಹೇಳುವ ಹಾಗೆ ವಿವರಿಸಿದರು. ಇದು ಬಲ ಕೊಡುವ ಮದ್ದಲ್ಲ. ಮೈಯೊಳಗಿನ ನೀರನ್ನು ಹೊರಗೆ ಹಾಕುತ್ತದೆ, ತೂಕ ಇಳಿಯುತ್ತದೆ. ಬೇರೆ ಮದ್ದು ತಿಂದಿದ್ದರೆ ಅದರ ಗುರುತನ್ನೂ ತೆಳುವಾಗಿಸುತ್ತದೆ. ಅದಕ್ಕೇ ಆಟಗಾರರಿಗೆ ನಿಷಿದ್ಧ. ಉಳಿದವರಿಗೆ ಇದು ತೀರಾ ಸಾಧಾರಣ ಮಾತ್ರೆ. ಹೃದಯದ ಕಾಯಿಲೆ ಇದ್ದವರು ದಿನಾ ನುಂಗುವಂಥದು.

“ಅವರು ಇದನ್ನ ಬಿಟ್ಟರೆ ಕಾಲಲ್ಲಿ ನೀರು ತುಂಬಿಕೊಳ್ಳುತ್ತೆ, ಉಸಿರು ಕಟ್ಟುತ್ತೆ,” ಎಂದು ಕನ್ನಡಕ ಹಾಕಿಕೊಂಡರು.

ಇರುವೆ ತಲೆ ತಗ್ಗಿಸಿ ಮೇಜಿನ ಕೆಳಗೆ ನೋಡಿದಳು. ಬಲಗಡೆಯ ಎರಡು ಪಾದಗಳು ಚಪ್ಪಲಿಯಿಂದ ಹೊರಬಂದಿದ್ದವು. ಚಪ್ಪಲಿಯ ಪಟ್ಟಿ ಅವುಗಳ ಮೇಲೆ ಆಳವಾದ ಗೆರೆ ಬಿಟ್ಟಿತ್ತು. ಕಣಕಾಲಿನ ಮೂಳೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ.

ಅಪ್ಪ ಕೂತ. ಅವನ ಮುಖದ ಮೇಲಿನ ಎಷ್ಟೋ ದಿನಗಳ ಗಂಟು ಸಡಿಲಾಗಿತ್ತು. ದೊಡ್ಡ ಗಂಡಾಂತರವೊಂದು ಬರೀ ನೆರಳು ಎಂದು ತಿಳಿದವನ ಹಾಗೆ ಅವನು ಅವಳ ಕಿವಿಯ ಬಳಿ ಬಗ್ಗಿದ.

“ಇಷ್ಟೇನಾ ಮಗಳೇ? ನೀನು ಮತ್ತೆ ನೀರು ಬಿಟ್ಟು ಬೀಳಬಾರದು ಅಂತ ಹಾಲಿಗೆ ಹಾಕ್ತಿದ್ದ ನನ್ನ ಮಾತ್ರೆ ತಾನೇ ಇದು? ನಾನು ಏನೋ ವಿಷ ಅಂತ ಹೆದರಿ ಸತ್ತಿದ್ದೆ. ನೀರು ಯಾವತ್ತಾದ್ರೂ ತೂಕಕ್ಕೆ ಬರುತ್ತಾ? ಮೀನಿನಂಗಡಿಯವನ ಒದ್ದೆ ತಟ್ಟೆ ಒರೆಸಿ ತಾನೇ ತೂಗೋದು? ಒರೆಸದೆ ತೂಗಿದ್ರೆ ಅದು ಮೋಸ. ಒರೆಸೋದು ಮೋಸ ಅಲ್ಲ.” ಅವನು ಅವಳ ಮಂಡಿಯನ್ನು ತಟ್ಟಿದ. “ಇವರಿಗೂ ಬಿಡಿಸಿ ಹೇಳಿದ್ರೆ ಅರ್ಥ ಆಗುತ್ತೆ, ಬಿಡು.”

ಅವಳ ಮೈಯಲ್ಲಿದ್ದ ಹೆದರಿಕೆಯೆಲ್ಲ ಅದುವರೆಗೆ ತನಗಾಗಿ ಇತ್ತು. ಈಗ ಅದು ಜಾಗ ಬದಲಾಯಿಸಿತು. ಎಡಗಡೆ ಅಣ್ಣ ಕಣ್ಣು ಮುಚ್ಚಿ, ತನ್ನ ಹೆಸರು ಬೀಳುವುದನ್ನು ಕಾಯುತ್ತಿದ್ದ. ತನ್ನದಲ್ಲದ ಹೊರೆಗೆ ಹೆಗಲು ಕೊಟ್ಟು ಕೂತಿದ್ದ. ಬಲಗಡೆಯಿಂದ ಕಿರಿದಾದ, ಕಟ್ಟಿಕೊಂಡ ಉಸಿರಿನ ಸದ್ದು ಬರುತ್ತಿತ್ತು. ಸುಮ್ಮನಿದ್ದರೆ ಆ ಉಸಿರು ಇನ್ನೆಷ್ಟು ದಿನ? ಹೇಳಿದರೆ ಆ ಮುಖ ಇನ್ನು ಮೇಲೆ ಯಾರ ಅಂಗಡಿಯ ತಕ್ಕಡಿಯ ಮುಂದೆ ನಿಂತೀತು?

ಅಧ್ಯಕ್ಷೆಯ ಪೆನ್ನು ಹಾಳೆಯ ಮೇಲೆ ತುದಿಯೂರಿ ನಿಂತಿತ್ತು.

“ಹೇಳಮ್ಮ. ಮದ್ದು ಕೊಟ್ಟವರು ಯಾರು?”

“ನಮ್ಮಪ್ಪ.”